ಸಿಯೆನಾ ಸೀಮೆಯ ಬಿಳಿ ರಸ್ತೆಗಳು

ಇಟಲಿಯ ಟಸ್ಕನಿ ಪ್ರಾಂತ್ಯದಲ್ಲಿ, ಫ್ಲಾರೆನ್ಸಿಗೂ ಸಿಯೆನಾಕ್ಕೂ ನಡುವಿನ ಕಿಯಾಂಟಿ ಗುಡ್ಡಗಳಿಂದ ಹಿಡಿದು ದಕ್ಷಿಣದ ಓರ್ಚಾ ಕಣಿವೆಯವರೆಗೆ ಹರಡಿಕೊಂಡಿರುವ ಜಲ್ಲಿ ರಸ್ತೆಗಳ ಜಾಲ. ಇಟಾಲಿಯನ್ ಭಾಷೆಯಲ್ಲಿ ಸ್ತ್ರಾದೆ ಬಿಯಾಂಕೆ ಎಂದು ಹೆಸರು. ಸ್ಥಳೀಯ ಸುಣ್ಣಕಲ್ಲನ್ನು ಒಡೆದು ಹಾಸಿರುವುದರಿಂದ ಇವು ಬೆಳ್ಳಗೆ ಕಾಣುತ್ತವೆ. ದ್ರಾಕ್ಷಿ ತೋಟ, ಆಲಿವ್ ತೋಪು, ಗೋದಿ ಹೊಲಗಳ ನಡುವೆ ಏರಿಳಿಯುತ್ತ ಹಳ್ಳಿಗಳನ್ನೂ ಕೋಟೆಗಳನ್ನೂ ಒಂದಕ್ಕೊಂದು ಜೋಡಿಸುವ ಈ ಹಾದಿಗಳು ಇಂದು ಲೋಕಪ್ರಸಿದ್ಧವಾಗಿರುವುದು ಸೈಕಲ್ಲಿನಿಂದ. ಡಾಂಬರು ಬೀಳದೆ ಉಳಿದಿರುವುದರಲ್ಲೂ ಸೈಕಲ್ ಸವಾರರ ಪಾಲು ದೊಡ್ಡದು.

ಈ ಸೀಮೆಯಲ್ಲಿ ಇಷ್ಟೊಂದು ಕೋಟೆಗಳಿರಲು ಕಾರಣ ಹಳೆಯ ಗಡಿಜಗಳ. ಮಧ್ಯಯುಗದಲ್ಲಿ ಫ್ಲಾರೆನ್ಸ್, ಸಿಯೆನಾ ಎರಡೂ ಸ್ವತಂತ್ರ ಗಣರಾಜ್ಯಗಳು. ಕಿಯಾಂಟಿ ಅವುಗಳ ನಡುವೆ ಸಿಕ್ಕಿಕೊಂಡ ನೆಲ. 1260ರ ಸೆಪ್ಟೆಂಬರ್ 4ರಂದು ಮೊಂತಾಪೆರ್ತಿಯ ಕದನದಲ್ಲಿ ಸಿಯೆನಾ ಗೆದ್ದಿತು. ಆದರೆ 1555ರಲ್ಲಿ ಸಿಯೆನಾ ನಗರವೇ ಶರಣಾಯಿತು. ಅಲ್ಲಿಂದ ಹೊರಬಿದ್ದ ಗಣರಾಜ್ಯವಾದಿಗಳು ಮೊಂತಾಲ್ಚೀನೊ ಗುಡ್ಡದ ಕೋಟೆಯಲ್ಲಿ 1559ರವರೆಗೂ ಪಟ್ಟುಹಿಡಿದು ಕುಳಿತರು. ಫ್ಲಾರೆನ್ಸಿನ ದಾಳಿ ತಡೆಯಲು ಸಿಯೆನಾದವರು 13ನೇ ಶತಮಾನದ ಆರಂಭದಲ್ಲಿ ಕಟ್ಟಿದ ಮೊಂತೆರಿಜ್ಜೋನಿ ಊರಿನ ದುಂಡನೆಯ ಗೋಡೆ ಈಗಲೂ ಗಟ್ಟಿಯಾಗಿ ನಿಂತಿದೆ. ಅದರ ಬುರುಜುಗಳ ಪ್ರಸ್ತಾಪ ದಾಂತೆಯ ಕಾವ್ಯದಲ್ಲಿಯೇ ಬರುತ್ತದೆ. ಗಾಯೋಲೆ ಊರಿನ ಹತ್ತಿರದ ಬ್ರೋಲಿಯೊ ಕೋಟೆ 1141ರಿಂದ ರಿಕಾಸೊಲಿ ಮನೆತನದ ಹೆಸರಿನೊಂದಿಗೆ ಬೆಸೆದುಕೊಂಡಿದೆ. ಏಕೀಕೃತ ಇಟಲಿಯ ಎರಡನೆಯ ಪ್ರಧಾನಿಯಾದ ಬೆತ್ತೀನೊ ರಿಕಾಸೊಲಿ ಈ ಮನೆತನದವನು. ಕಿಯಾಂಟಿ ದ್ರಾಕ್ಷಾರಸದಲ್ಲಿ ಯಾವ ದ್ರಾಕ್ಷಿ ಸೇರಬೇಕೆಂಬ ಸೂತ್ರವನ್ನು ರೂಪಿಸಿದವನೂ ಇವನೇ.

ರಸ್ತೆಗಳ ಇತಿಹಾಸ ಕೋಟೆಗಳಿಗಿಂತ ಹಿಂದಕ್ಕೆ ಹೋಗುತ್ತದೆ. ಸುಮಾರು 990ರಲ್ಲಿ ರೋಮಿನಿಂದ ಊರಿಗೆ ಮರಳಿದ ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಸಿಗೆರಿಕ್ ದಾರಿಯಲ್ಲಿ ತಂಗಿದ ನೆಲೆಗಳ ಪಟ್ಟಿಯೊಂದು ಉಳಿದುಬಂದಿದೆ. ವಿಯಾ ಫ್ರಾಂಚೀಜೆನಾ ಎಂಬ ಆ ಯಾತ್ರಾಮಾರ್ಗ ಸಾನ್ ಜಿಮಿನ್ಯಾನೊ, ಸಿಯೆನಾ, ಬೊನ್‌ಕೊನ್ವೆಂತೊ ಊರುಗಳ ಮೂಲಕ ಹಾದುಹೋಗುತ್ತದೆ. ಈ ಸೀಮೆಯ ಹಾದಿಗಳ ಅತಿ ಸುಂದರ ದಾಖಲೆ ಇರುವುದು ಗೋಡೆಯ ಮೇಲೆ. ಆಂಬ್ರೋಜೊ ಲೊರೆನ್ಸೆತ್ತಿ 1338–39ರಲ್ಲಿ ಸಿಯೆನಾದ ಪುರಭವನದೊಳಗೆ ಒಳ್ಳೆಯ ಆಡಳಿತದ ಫಲವನ್ನು ಚಿತ್ರಿಸಿದ. ನಗರದ ಬಾಗಿಲಿನಿಂದ ಹೊರಟ ರಸ್ತೆ ಇಳಿಜಾರಿನಲ್ಲಿ ಸಾಗುತ್ತದೆ; ಸವಾರರು ಹೊರಗೆ ಹೊರಟಿದ್ದಾರೆ, ಹಳ್ಳಿಗರು ಸರಕು ಹೇರಿಕೊಂಡು ಒಳಗೆ ಬರುತ್ತಿದ್ದಾರೆ, ಅತ್ತಿತ್ತ ಹೊಲಗಳಲ್ಲಿ ಕೆಲಸ ನಡೆದಿದೆ. ಜನ ಅಂಜದೆ ಓಡಾಡಬಹುದಾದ ರಸ್ತೆಯೇ ಒಳ್ಳೆಯ ರಾಜ್ಯದ ಗುರುತೆಂದು ಕಲಾವಿದ ತೋರಿಸಿದ್ದಾನೆ. ಇವತ್ತಿನ ದೊಡ್ಡ ಸೈಕಲ್ ಪಂದ್ಯ ಮುಗಿಯುವುದು ಇದೇ ಪುರಭವನದ ಎದುರಿನ ಚೌಕದಲ್ಲಿ.

ಆದರೆ ಇಂದು ಕಾಣುವ ಜಾಲವನ್ನು ಹೆಣೆದದ್ದು ಅರಸರೂ ಅಲ್ಲ, ಯಾತ್ರಿಕರೂ ಅಲ್ಲ, ಬೇಸಾಯ. ಟಸ್ಕನಿಯಲ್ಲಿ ಶತಮಾನಗಳ ಕಾಲ ನಡೆದುಬಂದದ್ದು ಮೆದ್ಜಾದ್ರಿಯಾ, ಅಂದರೆ ಅರ್ಧ ಪಾಲಿನ ಬೇಸಾಯ. ನಮ್ಮಲ್ಲಿ ಕೋರು, ವಾರ ಎನ್ನುವ ವ್ಯವಸ್ಥೆಯಂಥದು. ಒಡೆಯನದು ನೆಲ ಮತ್ತು ಮನೆ, ಒಕ್ಕಲಿನದು ದುಡಿಮೆ, ಬೆಳೆ ಇಬ್ಬರಿಗೂ ಸಮಪಾಲು. ಒಕ್ಕಲು ಕುಟುಂಬ ಊರೊಳಗಿರದೆ ತಾನು ದುಡಿಯುವ ಹೊಲದ ನಡುವೆಯೇ, ಸಾಮಾನ್ಯವಾಗಿ ದಿಬ್ಬದ ಮೇಲಿನ ಕಲ್ಲುಮನೆಯಲ್ಲಿ ವಾಸಿಸುತ್ತಿತ್ತು. ಹೀಗೆ ಚೆದುರಿದ ಮನೆಗಳಿಂದ ಒಡೆಯನ ಕಣಜಕ್ಕೆ, ಚರ್ಚಿಗೆ, ಸಂತೆಗೆ ಎತ್ತಿನ ಗಾಡಿ ಹೋಗಲು ದಾರಿ ಬೇಕಾಯಿತು. ಮನೆಯಿಂದ ಮನೆಗೆ ಸಾಗುವ ಈ ದಾರಿಗಳು ಒಂದು ದಿಬ್ಬದ ನೆತ್ತಿ ಹಿಡಿದು ಹೋಗಿ, ಥಟ್ಟನೆ ಹಳ್ಳಕ್ಕೆ ಇಳಿದು, ಮರುಕ್ಷಣ ಎದುರಿನ ದಿಬ್ಬ ಏರುತ್ತವೆ. ಸವಾರರ ತೊಡೆಗಳನ್ನು ಸುಡುವ ಕಡಿದಾದ ಏರುಗಳ ಮೂಲ ಇಲ್ಲಿದೆ. ಹಾಸಿದ ಜಲ್ಲಿಯೂ ಆಯಾ ನೆಲದ್ದೇ. ಕಿಯಾಂಟಿಯಲ್ಲಿ ಆಲ್ಬೆರೇಸೆ ಎಂಬ ಗಟ್ಟಿ ಸುಣ್ಣಕಲ್ಲು, ಜೊತೆಗೆ ಗಲೆಸ್ತ್ರೊ ಎಂಬ, ಹಾಳೆ ಹಾಳೆಯಾಗಿ ಬಿರಿಯುವ ಕಲ್ಲು ಸಿಗುತ್ತದೆ. ಸಿಯೆನಾದ ಆಗ್ನೇಯಕ್ಕಿರುವ ಕ್ರೇತೆ ಸೆನೇಸಿಯದು ಬೂದುಬಣ್ಣದ ಜೇಡಿನೆಲ. ಒಣಗಿದರೆ ಹಿಟ್ಟಿನಂಥ ಧೂಳು, ನೆನೆದರೆ ಚಕ್ರಕ್ಕೂ ಬ್ರೇಕಿಗೂ ಮೆತ್ತಿಕೊಳ್ಳುವ ಅಂಟು.

ಸೈಕಲ್ ಸ್ಪರ್ಧೆಗೆ ಟಸ್ಕನಿ ಹಳೆಯ ತವರು. 1870ರ ಫೆಬ್ರವರಿ 2ರಂದು ಫ್ಲಾರೆನ್ಸಿನಿಂದ ಪಿಸ್ತೋಯಾಕ್ಕೆ ನಡೆದ ಓಟ ಇಟಲಿಯ ಮೊದಲ ರಸ್ತೆ ಸೈಕಲ್ ಪಂದ್ಯಗಳಲ್ಲಿ ಒಂದು. ಗೆದ್ದವನು ಅಮೆರಿಕದ ತರುಣ. 1909ರಲ್ಲಿ ಇಟಲಿಯನ್ನು ಹಂತಹಂತವಾಗಿ ಸುತ್ತುವ ಜಿರೊ ದಿತಾಲಿಯಾ ಪಂದ್ಯ ಶುರುವಾದಾಗ ಸ್ಪರ್ಧಿಗಳು ತುಳಿದದ್ದು ಬಹುಪಾಲು ಧೂಳಿನ ರಸ್ತೆಗಳನ್ನೇ. ಫ್ಲಾರೆನ್ಸಿನ ಅಂಚಿನ ಪೊಂತೆ ಆ ಎಮಾದಲ್ಲಿ ಹುಟ್ಟಿದ ಜೀನೊ ಬಾರ್ತಾಲಿ ಜಿರೊವನ್ನು ಮೂರು ಸಲ, ಟೂರ್ ದ ಫ್ರಾನ್ಸನ್ನು 1938 ಮತ್ತು 1948ರಲ್ಲಿ ಗೆದ್ದ. ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ಇಟಲಿಯನ್ನು ಆಕ್ರಮಿಸಿದ್ದಾಗ, ಅಭ್ಯಾಸದ ನೆಪದಲ್ಲಿ ಅಸ್ಸೀಸಿಯತ್ತ ಸೈಕಲ್ ತುಳಿಯುತ್ತ, ಯಹೂದ್ಯರ ಜೀವ ಉಳಿಸುವ ನಕಲಿ ಗುರುತಿನ ಪತ್ರಗಳನ್ನು ಸಾಗಿಸಿದನೆಂದು 2013ರಲ್ಲಿ ಜೆರೂಸಲೇಮಿನ ಯಾದ್ ವಶೇಮ್ ಎಂಬ ನರಮೇಧ ಸ್ಮಾರಕ ಸಂಸ್ಥೆ ಅವನಿಗೆ ಮರಣೋತ್ತರ ಗೌರವ ನೀಡಿತು. ಬದುಕಿದ್ದಾಗ ಅವನು ಈ ಬಗ್ಗೆ ಹೆಚ್ಚು ಬಾಯಿಬಿಡಲಿಲ್ಲ. ಈ ಸೀಮೆಯ ಹಿರಿಯರು ಅವನನ್ನು ನೆನೆಯುವಾಗ ಗೆಲುವುಗಳಷ್ಟೇ ಈ ಮಾತೂ ಬರುತ್ತದೆ, ಬರಬೇಕಾದದ್ದೇ.

ಯುದ್ಧಾನಂತರ ಹಳ್ಳಿಗಳು ಬರಿದಾದವು. 1950, 60ರ ದಶಕಗಳಲ್ಲಿ ಒಕ್ಕಲು ಮಕ್ಕಳು ಕಾರ್ಖಾನೆಗಳತ್ತ ನಡೆದರು; 1964ರ ಕಾನೂನು ಹೊಸ ಪಾಲು ಕರಾರುಗಳನ್ನೇ ನಿಷೇಧಿಸಿತು. ಇಟಲಿಯ ಉಳಿದೆಡೆ ಡಾಂಬರು ವೇಗವಾಗಿ ಹಬ್ಬಿತು. ಇಲ್ಲಿ ಮನೆಗಳಲ್ಲಿ ಜನರೇ ಇರಲಿಲ್ಲ, ಇಲ್ಲದವರಿಗಾಗಿ ರಸ್ತೆ ಮಾಡುವವರು ಯಾರು? ಬಿಳಿ ರಸ್ತೆಗಳು ಮೊದಲು ಉಳಿದದ್ದು ಹೀಗೆ, ಬಡತನ ಮತ್ತು ಮರೆವಿನಿಂದ. ಮುಂದೆ ಹೊರನಾಡಿನವರು ಪಾಳುಮನೆಗಳನ್ನು ಕೊಂಡು ದುರಸ್ತಿ ಮಾಡಿದರು, 1985ರ ಕಾನೂನು ತೋಟದ ಮನೆಗಳಲ್ಲಿ ಅತಿಥಿಗಳನ್ನು ಇರಿಸಿಕೊಳ್ಳಲು ದಾರಿ ಮಾಡಿತು. ಹಣ ಬಂತು, ಅದರ ಹಿಂದೆಯೇ ಡಾಂಬರಿನ ಬೇಡಿಕೆಯೂ ಬಂತು.

ಈ ಹೊತ್ತಿನಲ್ಲಿ ಗಾಯೋಲೆಯ ಜಾನ್‌ಕಾರ್ಲೊ ಬ್ರೊಚ್ಚಿ ಮುಂದೆ ಬಂದರು. ಬಾರ್ತಾಲಿ, ಅವನ ಪ್ರತಿಸ್ಪರ್ಧಿ ಫೌಸ್ತೊ ಕೊಪ್ಪಿ ಇವರ ಕಾಲದ ಸೈಕ್ಲಿಂಗನ್ನು ಮನಸಾರೆ ಪ್ರೀತಿಸಿದ ಬ್ರೊಚ್ಚಿಯವರು 1997ರ ಅಕ್ಟೋಬರ್‌ನಲ್ಲಿ ಲೆರೋಯಿಕಾ ಎಂಬ ಸವಾರಿಯನ್ನು ಏರ್ಪಡಿಸಿದರು. ಮೊದಲ ವರ್ಷ ಬಂದವರು 92 ಮಂದಿ. ಇಲ್ಲಿ ಗೆಲುವು ಸೋಲು ಇಲ್ಲ. ನಿಯಮಗಳು ಮಾತ್ರ ಕಟ್ಟುನಿಟ್ಟು. ಸೈಕಲ್ 1987ಕ್ಕಿಂತ ಹಿಂದಿನ ಕಾಲದ್ದಾಗಿರಬೇಕು, ಗೇರು ಬದಲಿಸುವ ಸನ್ನೆ ಚೌಕಟ್ಟಿನ ಕೆಳಕೊಳವೆಯ ಮೇಲಿರಬೇಕು, ಬ್ರೇಕಿನ ತಂತಿ ಹ್ಯಾಂಡಲ್ಲಿನ ಹೊರಗೆ ಕಾಣಬೇಕು, ಪಾದಕ್ಕೆ ಪಟ್ಟಿ ಕಟ್ಟುವ ಹಳೆಯ ಪೆಡಲುಗಳೇ ಬೇಕು. ಮೈಮೇಲೆ ಉಣ್ಣೆಯ ಜೆರ್ಸಿ. ಉದ್ದದ ಹಾದಿ 209 ಕಿ.ಮೀ.; ಅದನ್ನು ಆಯ್ದುಕೊಂಡವರು ಬೆಳಕು ಹರಿಯುವ ಮೊದಲೇ ಹೊರಟು, ಮೇಣದ ದೀಪಗಳ ಸಾಲಿನ ನಡುವೆ ಬ್ರೋಲಿಯೊ ಕೋಟೆಯ ಏರನ್ನು ಹತ್ತುತ್ತಾರೆ. ದಾರಿಯ ತಂಗುದಾಣಗಳಲ್ಲಿ ಹಳೆಯ ಬ್ರೆಡ್ಡು, ಬೀನ್ಸ್ ಕಾಳು, ಸೊಪ್ಪು ಹಾಕಿ ಕುದಿಸಿದ ರಿಬೊಲ್ಲೀತಾ ಎಂಬ ಗಟ್ಟಿ ಸಾರು, ದ್ರಾಕ್ಷಾರಸ ಸಿಗುತ್ತವೆ. ಗತಕಾಲದ ವೇಷದಂತೆ ಮೇಲ್ನೋಟಕ್ಕೆ ಕಂಡರೂ ಉದ್ದೇಶ ಗಂಭೀರವಾದದ್ದು: ಬಿಳಿ ರಸ್ತೆಗಳೂ ಕೋಟೆಗಳಂತೆಯೇ ಪರಂಪರೆ, ಅವನ್ನು ಕಪ್ಪಾಗಿಸಬಾರದು ಎಂಬುದು ಬ್ರೊಚ್ಚಿಯವರ ಹಟ. ಕೋಟೆಗೆ ಕಾವಲಿದೆ, ಚರ್ಚಿಗೆ ಭಕ್ತರಿದ್ದಾರೆ. ರಸ್ತೆಯನ್ನು ಕಾಯಲು ಅದರ ಮೇಲೆ ಓಡಾಡುವವರೇ ಬೇಕಾಗುತ್ತದೆ. ಇಂದು ಸಾವಿರಾರು ಜನ ಬರುತ್ತಾರೆ. ಜಪಾನ್, ಬ್ರಿಟನ್, ಕ್ಯಾಲಿಫೋರ್ನಿಯಾ, ಸ್ಪೇನ್‌ಗಳಲ್ಲೂ ಇದೇ ಹೆಸರಿನ ಸವಾರಿಗಳು ನಡೆದಿವೆ.

ಹವ್ಯಾಸಿಗಳ ಈ ಸವಾರಿಯಿಂದಲೇ ವೃತ್ತಿಪರರ ಪಂದ್ಯ ಹುಟ್ಟಿತು. 2007ರ ಅಕ್ಟೋಬರ್ 9ರಂದು ಗಾಯೋಲೆಯಿಂದ ಸಿಯೆನಾಕ್ಕೆ ನಡೆದ ಮೊದಲ ಪಂದ್ಯವನ್ನು ರಷ್ಯದ ಅಲೆಕ್ಸಾಂದ್ರ್ ಕೊಲೊಬ್ನೆವ್ ಗೆದ್ದರು. ಮರುವರ್ಷದಿಂದ ಅದು ಮಾರ್ಚ್ ತಿಂಗಳಿಗೆ ಸರಿಯಿತು. ಮುಂದೆ ಅದಕ್ಕೆ ಸ್ತ್ರಾದೆ ಬಿಯಾಂಕೆ ಎಂಬ ಹೆಸರೇ ಗಟ್ಟಿಯಾಯಿತು. ನೂರು ವರ್ಷ ಹಳೆಯ ಪಂದ್ಯಗಳ ನಡುವೆ ಇದು ಇಷ್ಟು ಬೇಗ ಗೌರವ ಗಳಿಸಿದ್ದಕ್ಕೆ ಮುಖ್ಯ ಕಾರಣ ನೆಲವೇ. ಆಶಾನೊ ಬಳಿಯ ಮೊಂತೆ ಸಾಂತೆ ಮರೀಯೆ ಎಂಬ 11.5 ಕಿ.ಮೀ. ಕಚ್ಚಾ ತುಣುಕು ಗುಂಪನ್ನು ಚಿಂದಿ ಮಾಡುತ್ತದೆ. 2008, 2012, 2016ರಲ್ಲಿ ಗೆದ್ದ ಸ್ವಿಟ್ಜರ್ಲೆಂಡಿನ ಫಾಬಿಯಾನ್ ಕಾಂಚೆಲ್ಲಾರಾ ಹೆಸರನ್ನು ಅದಕ್ಕೆ ಇಡಲಾಗಿದೆ. ಬಳಿಕ ಬರುವ ಲೆ ತೊಲ್ಫೆ ಒಂದು ಕಿ.ಮೀ. ಆಸುಪಾಸಿನದಾದರೂ ಅದರ ಏರು ಶೇ. 18ನ್ನು ಮುಟ್ಟುತ್ತದೆ. ಕೊನೆಗೆ ಸಿಯೆನಾದ ಇಕ್ಕಟ್ಟಿನ ಸಾಂತಾ ಕತರೀನಾ ಬೀದಿ. ಕಲ್ಲುಹಾಸಿನ ಮೇಲೆ ಶೇ. 16ರ ಏರು. ಅದನ್ನು ದಾಟಿದರೆ ಬೇಸಗೆಯಲ್ಲಿ ಪಾಲಿಯೊ ಕುದುರೆ ಓಟ ನಡೆಯುವ ಕಾಂಪೊ ಚೌಕ. ಮಹಿಳೆಯರ ಪಂದ್ಯ 2015ರಲ್ಲಿ ಆರಂಭವಾಯಿತು. ಮೊದಲ ವಿಜೇತೆ ಅಮೆರಿಕದ ಮೇಗನ್ ಗ್ವಾರ್ನಿಯರ್. ಅದೇ ಏರುಗಳು, ಅದೇ ಧೂಳು, ಅದೇ ಚೌಕ: ಪುರುಷರ ಪಂದ್ಯದ ಜೊತೆಗೇ ಮಹಿಳೆಯರ ಪಂದ್ಯವನ್ನೂ ಬೆಳೆಸಿದ್ದು ಇಲ್ಲಿನ ದೊಡ್ಡ ಸಾಧನೆ. 2024ರಲ್ಲಿ ಪುರುಷರ ಹಾದಿಯನ್ನು 215 ಕಿ.ಮೀ.ಗೆ ಹಿಗ್ಗಿಸಿದಾಗ ಸ್ಲೊವೇನಿಯಾದ ತಾದೇಯ್ ಪೊಗಾಚರ್ ಸುಮಾರು 80 ಕಿ.ಮೀ. ಒಬ್ಬರೇ ಮುಂದೆ ಸಾಗಿ ಗೆದ್ದರು. 2022, 2025ರ ಗೆಲುವುಗಳೂ ಅವರವೇ.

ಜಿರೊ ಕೂಡ ತನ್ನ ಹಳೆಯ ಧೂಳಿಗೆ ಮರಳಿತು. 2010ರ ಮೇ 15ರಂದು ಮೊಂತಾಲ್ಚೀನೊದ ಹಂತದಲ್ಲಿ ಮಳೆ ಸುರಿದು ರಸ್ತೆ ಕೆಸರಾಯಿತು. ಸವಾರರ ಮುಖ, ಅಂಗಿ, ಸೈಕಲ್ಲು ಒಂದೇ ಬಣ್ಣವಾದವು. ವಿಶ್ವ ಚಾಂಪಿಯನ್ನನ ಪಟ್ಟೆಯಂಗಿ ತೊಟ್ಟಿದ್ದ ಆಸ್ಟ್ರೇಲಿಯಾದ ಕ್ಯಾಡೆಲ್ ಎವನ್ಸ್ ಗೆದ್ದಾಗ ಆ ಪಟ್ಟೆಗಳೂ ಮಣ್ಣಿನಡಿ ಮುಚ್ಚಿಹೋಗಿದ್ದವು. ಆ ದಿನದ ಚಿತ್ರಗಳು ಈ ರಸ್ತೆಗಳ ಹೆಸರನ್ನು ಪಂದ್ಯ ನೋಡದವರಿಗೂ ತಲುಪಿಸಿದವು. 2025ರಲ್ಲಿ ಜಿರೊ ಮತ್ತೆ ಜಲ್ಲಿ ಹಾದು ಕಾಂಪೊ ಚೌಕಕ್ಕೆ ಬಂತು. ಹಂತವನ್ನು ಬೆಲ್ಜಿಯಮ್ಮಿನ ವೌಟ್ ವಾನ್ ಆರ್ಟ್ ಗೆದ್ದರು, ಒಟ್ಟಾರೆ ಮುಂದಿರುವವರು ತೊಡುವ ಗುಲಾಬಿ ಅಂಗಿ ಮೆಕ್ಸಿಕೊದ ಇಸಾಕ್ ದೆಲ್ ತೊರೊ ಪಾಲಾಯಿತು.

ಪಂದ್ಯ ಬೇಡದವರಿಗಾಗಿ ಲೆರೋಯಿಕಾದ ಉದ್ದದ ಹಾದಿಗೆ ಕೈಮರಗಳನ್ನು ನೆಟ್ಟು, ವರ್ಷವಿಡೀ ತೆರೆದಿಟ್ಟಿದ್ದಾರೆ. ಗಾಯೋಲೆಯಿಂದ ಹೊರಟು ಸಿಯೆನಾ, ಮೊಂತಾಲ್ಚೀನೊ, ಆಶಾನೊ ಸೀಮೆ ಸುತ್ತಿ ಮತ್ತೆ ಗಾಯೋಲೆ ಸೇರುವ ಈ ಬಳಸುಹಾದಿಯಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜಲ್ಲಿ. ಒಟ್ಟು ಏರು 3,500 ಮೀಟರಿಗೂ ಮೇಲೆ. ಅಭ್ಯಾಸವುಳ್ಳವರು ಒಂದು ದಿನದಲ್ಲಿ ಮುಗಿಸಬಹುದಾದರೂ ಹಳ್ಳಿಗಳಲ್ಲಿ ತಂಗುತ್ತ ಮೂರು ನಾಲ್ಕು ದಿನ ತೆಗೆದುಕೊಳ್ಳುವುದು ಮೇಲು. ಅಗಲ ಟೈರಿನ ಸೈಕಲ್ ಇದ್ದರೆ ಇಳಿಜಾರು ಸಲೀಸು. ಏಪ್ರಿಲ್, ಮೇ ತಿಂಗಳ ಹಸಿರು ಮತ್ತು ಸೆಪ್ಟೆಂಬರಿನ ದ್ರಾಕ್ಷಿ ಕೊಯ್ಲಿನ ಕಾಲ ಸವಾರಿಗೆ ಒಳ್ಳೆಯವು. ಜುಲೈ, ಆಗಸ್ಟ್‌ಗಳಲ್ಲಿ ಕ್ರೇತೆ ಸೆನೇಸಿಯ ಬೋಳುಗುಡ್ಡಗಳ ಮೇಲೆ ನೆರಳೇ ಸಿಗುವುದಿಲ್ಲ, ನೀರನ್ನು ಜೊತೆಗೇ ಒಯ್ಯಬೇಕು.