ಕಾಲಯಂತ್ರವನ್ನು ಯಾವ ವರ್ಷಕ್ಕೆ ತಿರುಗಿಸಲಿ?

ಕಳೆದ ತಿಂಗಳು ಮಗಳ ಜೊತೆ ಕೂತು ‘ಡಾಕ್ಟರ್ ಹೂ’ ಧಾರಾವಾಹಿಯ ಹಳೆಯ ಕಪ್ಪು-ಬಿಳುಪು ಕಥೆಯೊಂದನ್ನು ನೋಡಿದೆ. 1964ರಲ್ಲಿ ಬಿಬಿಸಿಯಲ್ಲಿ ನಾಲ್ಕು ಕಂತುಗಳಲ್ಲಿ ಬಂದ ‘ದಿ ಅಜ್ಟೆಕ್ಸ್’. ಬಾರ್ಬರಾ ಎಂಬ ಇತಿಹಾಸದ ಟೀಚರ್ ಕಾಲಯಂತ್ರದಲ್ಲಿ ಮೆಕ್ಸಿಕೋಗೆ ಹೋಗುತ್ತಾಳೆ. ಸ್ಪೇನಿನವರು ಇನ್ನೂ ಕಾಲಿಡದ ಕಾಲ. ಜನ ಅವಳನ್ನು ದೇವತೆಯೆಂದು ನಂಬುತ್ತಾರೆ. ನರಬಲಿ ನಿಲ್ಲಿಸಿದರೆ ಈ ನಾಗರಿಕತೆ ಉಳಿದೀತು ಎಂಬ ಆಸೆ ಅವಳಿಗೆ. ಇತಿಹಾಸ ತಿದ್ದುವುದು ಸಾಧ್ಯವಿಲ್ಲ ಎಂದು ಡಾಕ್ಟರ್ ಎಷ್ಟು ಹೇಳಿದರೂ ಕೇಳುವುದಿಲ್ಲ. ಕೊನೆಗೆ ಸೋಲುತ್ತಾಳೆ.

“ಅಪ್ಪಾ, ನಿನಗೆ ಟೈಮ್ ಮಷೀನ್ ಸಿಕ್ಕರೆ ಎಲ್ಲಿಗೆ ಹೋಗ್ತಿ?” ಎಂದಳು ಮಗಳು.

ಯೋಚಿಸುವ ಪ್ರಮೇಯವೇ ಇರಲಿಲ್ಲ. ನಾನು ಹೊಸಪೇಟೆಯವನು, ಹಂಪಿಯ ಮುರಿದ ಕಂಬಗಳ ನಡುವೆ ಆಡಿ ಬೆಳೆದವನು. “1565, ಜನವರಿ. ತಾಳಿಕೋಟೆ ಯುದ್ಧ ನಿಲ್ಲಿಸ್ತೀನಿ” ಎಂದೆ.

“ಹಂಗಾದ್ರೆ ಹೈದರಾಬಾದ್ ಇರ್ತಿತ್ತಾ?”

ಅವಳು ಹುಟ್ಟಿದ್ದು ಇದೇ ಊರಲ್ಲಿ. ನಾನು ಸುಮ್ಮನಾದೆ.

ಆಫೀಸಿನಲ್ಲಿ ಪ್ರಾಜೆಕ್ಟ್ ಕೆಟ್ಟಾಗ ‘ರೂಟ್ ಕಾಸ್’ ಹುಡುಕುವುದು ನನ್ನ ಕಸುಬು. ಆ ರಾತ್ರಿ ವಿಜಯನಗರಕ್ಕೂ ಅದನ್ನೇ ಮಾಡಿ ನೋಡಿದೆ. ಯಾವ ಗಳಿಗೆಯನ್ನು ತಿದ್ದಬೇಕು?

ಮೊದಲು ಹೊಳೆಯುವುದು ಯುದ್ಧದ ದಿನವೇ. ಇಬ್ಬರು ಮುಸ್ಲಿಂ ದಳಪತಿಗಳು ಕೈಕೊಟ್ಟದ್ದರಿಂದ ಸೋಲಾಯಿತೆಂದು, 1567ರಲ್ಲಿ ಹಂಪಿಗೆ ಬಂದ ವೆನಿಸ್ಸಿನ ವ್ಯಾಪಾರಿ ಸೀಸರ್ ಫ್ರೆಡರಿಕ್ ಬರೆದಿಟ್ಟಿದ್ದಾನೆ. ಅವರನ್ನು ತಡೆದರೆ ಸಾಕೇ? ಸಾಲದು. ಅಂದು ಗೆದ್ದಿದ್ದರೂ ಎದುರಿಗಿದ್ದ ಸುಲ್ತಾನರ ಒಕ್ಕೂಟ ಹಾಗೆಯೇ ಉಳಿಯುತ್ತಿತ್ತು.

ಹಾಗಾದರೆ ಒಕ್ಕೂಟವನ್ನೇ ಮುರಿಯೋಣ. ಅದನ್ನು ಬೆಸೆದದ್ದು ಮದುವೆಗಳು. ಅಹ್ಮದ್‌ನಗರದ ಹುಸೇನ್ ನಿಜಾಮ್ ಶಾಹನ ಮಗಳು ಚಾಂದಬೀಬಿ ಬಿಜಾಪುರಕ್ಕೆ ಸೊಸೆಯಾಗಿ ಬಂದಳು. ಇನ್ನೊಬ್ಬ ಮಗಳು ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹನ ಕೈಹಿಡಿದಳು. ಆದರೆ ಈ ಬೀಗತನಕ್ಕೆ ದಾರಿ ಮಾಡಿಕೊಟ್ಟವನು ಅಳಿಯ ರಾಮರಾಯನೇ. ಒಮ್ಮೆ ಬಿಜಾಪುರ, ಗೋಲ್ಕೊಂಡಗಳನ್ನು ಜೊತೆಗಿಟ್ಟುಕೊಂಡು ಅಹ್ಮದ್‌ನಗರದ ಮೇಲೆ ದಂಡೆತ್ತಿ ಹೋದ. ಆಮೇಲೆ ಗೋಲ್ಕೊಂಡದ ಕೋಟೆಗಳ ಮೇಲೆಯೇ ಕಣ್ಣು ಹಾಕಿದ. ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟುವ ಆಟದಲ್ಲಿ ಎಲ್ಲರೂ ಒಂದಲ್ಲ ಒಂದು ಸಲ ನೊಂದವರೇ.

ಇನ್ನೂ ಹಿಂದೆ ಹೋದರೆ 1543. ಗೋಲ್ಕೊಂಡದ ಮುದಿ ಸುಲ್ತಾನ ಕುಲಿಯ ಕೊಲೆಯಾಯಿತು. ಅದರ ಹಿಂದೆ ಇದ್ದವನು ಮಗ ಜಂಶೀದ್. ಜೀವ ಉಳಿಸಿಕೊಳ್ಳಲು ಕಿರಿಯ ಮಗ ಇಬ್ರಾಹಿಂ ಓಡಿ ಬಂದದ್ದು ವಿಜಯನಗರಕ್ಕೆ. ರಾಮರಾಯ ಅವನಿಗೆ ಆಶ್ರಯ ಕೊಟ್ಟ, ಜಹಗೀರು ಕೊಟ್ಟ. ಏಳು ವರ್ಷ ಇಬ್ರಾಹಿಂ ಅಲ್ಲೇ ಇದ್ದ. 1550ರಲ್ಲಿ ಜಂಶೀದ್ ಸತ್ತ ಮೇಲೆ ಊರಿಗೆ ಮರಳಿ ಪಟ್ಟವೇರಿದ. ರಾಮರಾಯನೂ ಯೌವನದಲ್ಲಿ ಗೋಲ್ಕೊಂಡದ ಚಾಕರಿ ಮಾಡಿದ್ದನೆಂದು ಗೋಲ್ಕೊಂಡದ ವೃತ್ತಾಂತವೊಂದು ಹೇಳುತ್ತದೆ.

ಅಂದರೆ ರಣದಲ್ಲಿ ಎದುರಾದವರು ಅಪರಿಚಿತರಲ್ಲ. ಒಂದು ಕಾಲದ ಆಶ್ರಯದಾತ ಮತ್ತು ಅತಿಥಿ. ಶಾಲೆಯಲ್ಲಿ ನಾನು ಕಲಿತ ‘ಎರಡು ಧರ್ಮಗಳ ಯುದ್ಧ’ದಲ್ಲಿ ಈ ಏಳು ವರ್ಷಗಳಿಗೆ ಜಾಗವೇ ಇರಲಿಲ್ಲ.

ಆ ಏಳು ವರ್ಷಗಳನ್ನು ಅಳಿಸಲೇ? ಆಶ್ರಯ ಸಿಗದೆ ಇಬ್ರಾಹಿಂ ಸತ್ತಿದ್ದರೆ ತಾಳಿಕೋಟೆ ತಪ್ಪುತ್ತಿತ್ತೋ ಏನೋ. ಆದರೆ ತೆಲುಗಿನವರು ಇಂದಿಗೂ ‘ಮಲ್ಕಿಭರಾಮ’ನೆಂದು ನೆನೆಯುವ, ತೆಲುಗು ಕವಿಗಳನ್ನು ಸಾಕಿದ ಸುಲ್ತಾನ ಇರುತ್ತಿರಲಿಲ್ಲ. 1578ರಲ್ಲಿ ಮೂಸಿ ನದಿಗೆ ಅವನ ಆಳ್ವಿಕೆಯಲ್ಲಿ ಕಟ್ಟಿದ ಸೇತುವೆ, ಇಂದಿನ ಪುರಾನಾ ಪುಲ್, ಇರುತ್ತಿರಲಿಲ್ಲ. ಅದರಾಚೆ 1591ರಲ್ಲಿ ಅವನ ಮಗ ಮಹಮ್ಮದ್ ಕುಲಿ ಕಟ್ಟಿಸಿದ ಹೈದರಾಬಾದೂ ಇರುತ್ತಿರಲಿಲ್ಲ. ಹಂಪಿ ಉಳಿಸಲು ಹೊರಟವನು ಹಂಪಿ ಮಾಡಿದ ಒಂದು ಒಳ್ಳೆಯ ಕೆಲಸವನ್ನೇ ಅಳಿಸಬೇಕಿತ್ತು. ಜೊತೆಗೆ ನನಗೆ ಅನ್ನ ಕೊಟ್ಟ ಊರನ್ನು, ನನ್ನ ಮಗಳ ತವರನ್ನು.

ನನಗೆ ರೂಟ್ ಕಾಸ್ ಸಿಗಲಿಲ್ಲ. ಸಿಕ್ಕಿದ್ದು ಒಂದರ ಹಿಂದೆ ಒಂದು ಮನುಷ್ಯರ ನಿರ್ಧಾರಗಳು, ಆ ಹೊತ್ತಿಗೆ ಪ್ರತಿಯೊಂದೂ ಸರಿ ಎನಿಸಿದಂಥವು. ಇದರಿಂದ ಹಂಪಿಯ ದುಃಖವೇನೂ ಕಡಿಮೆಯಾಗುವುದಿಲ್ಲ. ಅಷ್ಟು ದೊಡ್ಡ ನಗರ ಲೂಟಿಯಾಗಿ ಹಾಳಾದದ್ದು ನಿಜ. ಆದರೆ ಆ ದುಃಖದ ಲೆಕ್ಕ ಇಂದಿನ ಪಕ್ಕದ ಮನೆಯವರ ಹೆಸರಿನಲ್ಲಿ ಬರೆಯುವಂಥದ್ದಲ್ಲ.

ಬಾರ್ಬರಾ ಅಜ್ಟೆಕ್ಕರನ್ನು ಉಳಿಸಲಾರಳು. ಆದರೆ ಆಟ್ಲಾಕ್ ಎಂಬ ಒಬ್ಬ ಅರ್ಚಕನ ಮನಸ್ಸು ಅವಳಿಂದ ಬದಲಾಗುತ್ತದೆ. ಡಾಕ್ಟರ್ ಅವಳಿಗೆ ಹೇಳುವ ಸಮಾಧಾನವೂ ಅದೇ.

ಮುಂದಿನ ಭಾನುವಾರ ಮಗಳನ್ನು ಪುರಾನಾ ಪುಲ್‌ಗೆ ಕರೆದುಕೊಂಡು ಹೋದೆ. ಇಬ್ರಾಹಿಮನ ಏಳು ವರ್ಷಗಳ ಕಥೆ ಹೇಳಿದೆ. “ಈಗ ಹೇಳಪ್ಪಾ, ಯಾವ ವರ್ಷ?” ಎಂದಳು.

“1543. ಏನೂ ತಿದ್ದಲ್ಲ. ಅವರಿಬ್ಬರೂ ಯಾವ ಭಾಷೆಯಲ್ಲಿ ಮಾತಾಡ್ಕೊಳ್ತಿದ್ರು ಅಂತ ಕೇಳಿಸಿಕೊಂಡು ವಾಪಸ್ ಬರ್ತೀನಿ.”

“ನಾನೂ ಬರ್ತೀನಿ” ಎಂದಳು.