ದಂಡಿನ ಶಾಲೆಗಳು ಮತ್ತು ಸೇವಾನಿರತ ಶಿಕ್ಷಕರ ತಂತ್ರಜ್ಞಾನ ವ್ಯಾಸಂಗ

ಹಲವು ವರ್ಷ ಪಾಠ ಹೇಳಿದ ಶಿಕ್ಷಕರು ನೌಕರಿಯಲ್ಲಿದ್ದುಕೊಂಡೇ ಪಡೆಯುವ ಕಲಿಕೆಯನ್ನು ಇಲಾಖೆಯ ಪರಿಭಾಷೆಯಲ್ಲಿ ಸೇವಾನಿರತ ಶಿಕ್ಷಣವೆನ್ನುತ್ತಾರೆ. ಈ ಕಲಿಕೆಗೂ ತಂತ್ರಜ್ಞಾನಕ್ಕೂ ಇರುವ ನಂಟಿನ ಚರಿತ್ರೆಯಲ್ಲಿ ಬೆಂಗಳೂರಿನ ಪೂರ್ವಭಾಗದ ಸ್ಥಾನ ತುಸು ವಿಚಿತ್ರವಾದುದು. 1948ರಲ್ಲಿ ಸ್ಥಾಪನೆಯಾದ ಐಟಿಐ (ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್) ಕಾರ್ಖಾನೆ ಕೆ.ಆರ್. ಪುರದ ಬಳಿಯ ದೂರವಾಣಿನಗರದಲ್ಲಿ ದೇಶಕ್ಕೆ ಬೇಕಾದ ಟೆಲಿಫೋನುಗಳನ್ನು ತಯಾರಿಸಿತು. ಇಂದಿರಾನಗರದಾಚೆಯ ವಿಮಾನಪುರದಲ್ಲಿ ಇಸ್ರೋದ ಉಪಗ್ರಹ ಕೇಂದ್ರ ಬೆಳೆಯಿತು. ಆದರೆ ಇಂಥ ಸಾಧನಗಳ ಮೂಲಕ ಕಲಿಯಬೇಕಾದ ಶಿಕ್ಷಕರ ಉನ್ನತ ವ್ಯಾಸಂಗಕ್ಕೆ ಬಹುಕಾಲ ಮೈಸೂರೇ ಮುಖ್ಯ ನೆಲೆಯಾಗಿತ್ತು.

ಈ ಪೂರ್ವಭಾಗದಲ್ಲೇ 1809ರಲ್ಲಿ ನೆಲೆಗೊಂಡ ಬ್ರಿಟಿಷ್ ಸೈನ್ಯದ ದಂಡು (ಕಂಟೋನ್ಮೆಂಟ್) ಪ್ರದೇಶವು, 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿದ ಮೇಲೂ ಬ್ರಿಟಿಷ್ ರೆಸಿಡೆಂಟರ ಆಡಳಿತದಲ್ಲೇ ಉಳಿದು, 1947ರಲ್ಲಿ ಮೈಸೂರಿಗೆ ಹಸ್ತಾಂತರವಾಗಿ, 1949ರಲ್ಲಿ ನಗರಪಾಲಿಕೆಯ ವ್ಯಾಪ್ತಿಗೆ ಬಂದಿತು. ಮದರಾಸಿನ ಸೈನ್ಯವನ್ನು ಹಿಂಬಾಲಿಸಿ ಬಂದ ತಮಿಳರು, ತೆಲುಗರು ಮತ್ತು ಉರ್ದು ಮಾತನಾಡುವ ಮುಸಲ್ಮಾನರು ಇಲ್ಲಿ ತಂತಮ್ಮ ಶಾಲೆಗಳನ್ನು ಕಟ್ಟಿಕೊಂಡರು. ಆರ್ಕಾಟ್ ನಾರಾಯಣಸ್ವಾಮಿ ಮೊದಲಿಯಾರರು ಬಡಮಕ್ಕಳಿಗಾಗಿ 1873ರಲ್ಲಿ ಆರಂಭಿಸಿದ ಶಾಲೆ ಅವುಗಳಲ್ಲಿ ಹೆಸರಾದುದು. ಒಂದೇ ಪೇಟೆಯಲ್ಲಿ ಹಲವು ಲಿಪಿಗಳ ಪಾಠ ನಡೆಯುವ ಈ ಪರಂಪರೆಯೇ ಮುಂದೆ ಕಂಪ್ಯೂಟರಿನ ಕಾಲದಲ್ಲಿ ತೊಡಕಾಗಿ ಪರಿಣಮಿಸಿತು.

ಇತ್ತ ಶಿಕ್ಷಕರ ವ್ಯಾಸಂಗದ ನೆಲೆಯಾಗಿದ್ದ ಮೈಸೂರಿನ ಪ್ರಾದೇಶಿಕ ಶಿಕ್ಷಣ ಕಾಲೇಜು 1963ರಲ್ಲಿ ಆರಂಭವಾಗಿ, ತರಬೇತಿಯಿಲ್ಲದೆ ಕೆಲಸಕ್ಕೆ ಸೇರಿದ್ದ ಶಿಕ್ಷಕರಿಗಾಗಿ 1966ರಿಂದ ಬೇಸಿಗೆ ರಜೆಯ ತರಗತಿ ಮತ್ತು ಅಂಚೆ ಪಾಠ ಎರಡನ್ನೂ ಬೆಸೆದ ಬಿ.ಎಡ್. ನಡೆಸಿತು. ಮೈಸೂರು ವಿಶ್ವವಿದ್ಯಾಲಯ 1969ರಲ್ಲಿ ತೆರೆದ ಅಂಚೆ ಶಿಕ್ಷಣ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು.

ಅಂಚೆಯ ನಂತರದ ಸರದಿ ಆಕಾಶದ್ದು. 1975–76ರಲ್ಲಿ ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ ಭಾರತ ನಡೆಸಿದ ‘ಸೈಟ್’ ಪ್ರಯೋಗವು ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳಿಗೆ ದೂರದರ್ಶನವನ್ನು ಒಯ್ದಾಗ, ಪ್ರಾಥಮಿಕ ಶಿಕ್ಷಕರಿಗೆ ವಿಜ್ಞಾನ ಬೋಧನೆಯ ತರಬೇತಿಯೂ ಅದರ ಭಾಗವಾಗಿತ್ತು. 1996ರ ಜನವರಿಯಲ್ಲಿ ರಾಜ್ಯದ 20 ಕೇಂದ್ರಗಳಲ್ಲಿ ಶಿಕ್ಷಕರನ್ನು ಕೂರಿಸಿ, ದೃಶ್ಯ ಒಮ್ಮುಖವಾಗಿಯೂ ಧ್ವನಿ ಇಮ್ಮುಖವಾಗಿಯೂ ಹರಿಯುವ ವ್ಯವಸ್ಥೆಯನ್ನು ಪರೀಕ್ಷಿಸಲಾಯಿತು. ಎಂದರೆ ಶಿಕ್ಷಕರು ಪರದೆಯ ಮೇಲೆ ತಜ್ಞರನ್ನು ಕಂಡು ಟೆಲಿಫೋನಿನಲ್ಲಿ ಪ್ರಶ್ನೆ ಕೇಳಬಹುದಾಗಿತ್ತು. ವಿಮಾನಪುರದ ಕೇಂದ್ರ ರೂಪಿಸಿದ, ಶಿಕ್ಷಣಕ್ಕೇ ಮೀಸಲಾದ ಎಜುಸ್ಯಾಟ್ ಉಪಗ್ರಹ 2004ರ ಸೆಪ್ಟೆಂಬರ್ 20ರಂದು ಕಕ್ಷೆ ಸೇರಿ, ಚಾಮರಾಜನಗರದ ಪ್ರಾಥಮಿಕ ಶಾಲೆಗಳಿಗೂ ಪಾಠ ತಲುಪಿಸಿತು. ದಂಡಿನ ಮಿಲ್ಲರ್ಸ್ ರಸ್ತೆಯ ಸೋನಾ ಟವರ್ಸ್‌ನಿಂದ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ 1980ರ ದಶಕದಲ್ಲೇ ಉಪಗ್ರಹದ ಮೂಲಕ ಅಮೆರಿಕಕ್ಕೆ ದತ್ತಾಂಶ ಕಳುಹಿಸುತ್ತಿತ್ತು ಎಂಬುದನ್ನು ನೆನೆದರೆ, ಅಲ್ಲಿಂದ ಕೂಗಳತೆಯ ಸರ್ಕಾರಿ ಶಾಲೆಗಳಿಗೆ ಕಂಪ್ಯೂಟರ್ ಬರಲು ಹಿಡಿದ ಕಾಲ ದೀರ್ಘವೆಂದೇ ಹೇಳಬೇಕು.

ಹೊಸ ಶತಮಾನದ ಆರಂಭದಲ್ಲಿ ‘ಮಾಹಿತಿ ಸಿಂಧು’ ಯೋಜನೆ ಪ್ರೌಢಶಾಲೆಗಳಿಗೆ ಕಂಪ್ಯೂಟರ್ ತಂದರೂ, ಅದನ್ನು ಕಲಿಸುವ ಕೆಲಸ ಖಾಸಗಿ ಕಂಪನಿಗಳ ಗುತ್ತಿಗೆ ಬೋಧಕರದಾದುದರಿಂದ ಗಣಿತ ಮತ್ತು ವಿಜ್ಞಾನದ ಮೇಷ್ಟ್ರುಗಳು ಕಂಪ್ಯೂಟರ್ ಕೋಣೆಯ ಹೊರಗೇ ಉಳಿದರು. ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ 2011ರ ಸುಮಾರಿಗೆ ಶಿಕ್ಷಣ ಇಲಾಖೆಯೊಂದಿಗೆ ರೂಪಿಸಿದ ವಿಷಯ ಶಿಕ್ಷಕರ ವೇದಿಕೆ ಈ ಕ್ರಮವನ್ನು ತಿರುಗಿಸಿತು. ಗಣಿತದ ಶಿಕ್ಷಕರು ಜಿಯೋಜಿಬ್ರಾ ಎಂಬ ಉಚಿತ ತಂತ್ರಾಂಶದಲ್ಲಿ ತ್ರಿಭುಜದ ಶೃಂಗವನ್ನು ಎಳೆದಾಡಿ, ಆಕಾರ ಎಷ್ಟು ಬದಲಾದರೂ ಕೋನಗಳ ಮೊತ್ತ 180 ಡಿಗ್ರಿಯೇ ಉಳಿಯುವುದನ್ನು ತೋರಿಸಬಲ್ಲ ಪಾಠವನ್ನು ತಾವೇ ಸಿದ್ಧಪಡಿಸಿದರು. ನೋಡುಗರಾಗಿದ್ದ ಶಿಕ್ಷಕರು ಪಾಠದ ಕರ್ತೃಗಳಾದುದು ಉಪಗ್ರಹದ ಉಡಾವಣೆಗಿಂತ ದೊಡ್ಡ ಬದಲಾವಣೆ.

ಆದರೆ ಪಾಠ ಬರೆಯಲು ಮೊದಲು ಲಿಪಿ ಬೇಕು. ಕನ್ನಡ ಗಣಕ ಪರಿಷತ್ತಿನ ನುಡಿ ತಂತ್ರಾಂಶ ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸವನ್ನು ಆಧರಿಸಿ ಕನ್ನಡ ಶಿಕ್ಷಕರ ದಾರಿಯನ್ನು ಸುಗಮಗೊಳಿಸಿತು. ಅದರ ಹಳೆಯ ಅಕ್ಷರಶೈಲಿಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ್ದರಿಂದ, ಆ ಶೈಲಿಯಿಲ್ಲದ ಕಂಪ್ಯೂಟರಿನಲ್ಲಿ ಕಡತ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು ಕಾಣುತ್ತಿತ್ತು. ಪ್ರತಿ ಲಿಪಿಯ ಪ್ರತಿ ಅಕ್ಷರಕ್ಕೂ ಪ್ರತ್ಯೇಕ ಸಂಖ್ಯೆ ನೀಡುವ ಯೂನಿಕೋಡ್ ವ್ಯವಸ್ಥೆ ಬಳಕೆಗೆ ಬಂದ ಮೇಲಷ್ಟೇ ಈ ತೊಂದರೆ ಕಡಿಮೆಯಾಯಿತು. ದಂಡಿನ ಭಾಗವಾದ ಶಿವಾಜಿನಗರದ ಉರ್ದು ಶಾಲೆಗಳ ಸಮಸ್ಯೆ ಇನ್ನೂ ಜಟಿಲ: ಬಲದಿಂದ ಎಡಕ್ಕೆ ಸಾಗುವ ನಸ್ತಾಲೀಖ್ ಬರಹಕ್ಕೆ ಇನ್‌ಪೇಜ್‌ನಂಥ ಬೇರೆಯೇ ತಂತ್ರಾಂಶ ಬೇಕಾಗಿತ್ತು, ತಮಿಳಿಗೂ ತನ್ನದೇ ಆದ ಹಲವು ಸಂಕೇತ ಪದ್ಧತಿಗಳಿದ್ದವು. ಕನ್ನಡ ಮತ್ತು ಇಂಗ್ಲಿಷನ್ನಷ್ಟೇ ಗಮನದಲ್ಲಿಟ್ಟ ತರಬೇತಿ ಹಳೆಯ ದಂಡಿನ ಶಾಲೆಗಳಿಗೆ ಅರೆಬರೆಯಾಗಿಯೇ ಒದಗಬಲ್ಲದು.

ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತಿನ 2014ರ ನಿಯಮಗಳು ಬಿ.ಎಡ್. ಮತ್ತು ಎಂ.ಎಡ್. ಪದವಿಗಳನ್ನು ಎರಡು ವರ್ಷಗಳಿಗೆ ವಿಸ್ತರಿಸಿದುವಲ್ಲದೆ, ಬಿ.ಎಡ್. ಪಠ್ಯದಲ್ಲಿ ಮಾಹಿತಿ ತಂತ್ರಜ್ಞಾನದ ವಿಮರ್ಶಾತ್ಮಕ ಅರಿವಿಗೂ ಸ್ಥಾನ ದೊರೆಯಿತು. ಅದು ಹೊಸಬರಿಗಾದ ಲಾಭ. 20 ವರ್ಷ ಸೇವೆ ಮಾಡಿದವರು ಪೂರ್ಣಾವಧಿ ಎಂ.ಎಡ್. ಓದಬೇಕಾದರೆ ಎರಡು ವರ್ಷ ತರಗತಿಯನ್ನು ಬಿಡಬೇಕು. 2017ರ ಶಿಕ್ಷಕರ ದಿನದಂದು ಆರಂಭವಾದ ದೀಕ್ಷಾ ಜಾಲತಾಣದ ಕೋರ್ಸುಗಳು ಮನೆಯಲ್ಲೇ ದೊರೆಯುತ್ತವೆಯಾದರೂ ಅವುಗಳ ಪ್ರಮಾಣಪತ್ರ ಪದವಿಯಲ್ಲ. ಸಂಜೆ ಹೊತ್ತಿನಲ್ಲಿ, ಶಿಕ್ಷಕರು ಪಾಠ ಹೇಳುವ ಭಾಷೆಯಲ್ಲೇ ಡಿಜಿಟಲ್ ಪಾಠರಚನೆಯನ್ನು ಕಲಿಸುವ ಸ್ನಾತಕೋತ್ತರ ವ್ಯಾಸಂಗವೊಂದನ್ನು ನಗರದ ವಿಶ್ವವಿದ್ಯಾಲಯಗಳು ಹಲಸೂರು, ಶಿವಾಜಿನಗರಗಳ ಸರ್ಕಾರಿ ಶಾಲೆಗಳ ಕಟ್ಟಡಗಳಲ್ಲೇ ಆರಂಭಿಸುವುದು ಉಚಿತ.