ಆಟದ ಕಾರು: ನಡೆಯಲಾಗದ ಮಗುವಿನ ಮೊದಲ ವಾಹನ

ಹೆಚ್ಚಿನ ಮಕ್ಕಳು ಒಂದು ವರ್ಷದ ಆಸುಪಾಸಿನಲ್ಲಿ ಹೆಜ್ಜೆ ಹಾಕುತ್ತಾರೆ. ಸೆರೆಬ್ರಲ್ ಪಾಲ್ಸಿ, ಬೆನ್ನುಹುರಿಯ ದೋಷ ಮುಂತಾದವುಗಳಿಂದ ನಡೆಯಲಾಗದ ಮಗು ಮಾತ್ರ ಹೆತ್ತವರು ಎತ್ತಿಕೊಂಡು ಹೋದಲ್ಲಿಗೆ ಹೋಗಬೇಕು. ಸಾವಿರಾರು ಡಾಲರ್ ಬೆಲೆಯ ಮೋಟಾರು ಗಾಲಿಕುರ್ಚಿ ಅಮೆರಿಕದಲ್ಲೂ ಮೂರು ವರ್ಷಕ್ಕೆ ಮೊದಲು ಸಿಗುವುದು ಅಪರೂಪವಾಗಿತ್ತು.

ಈ ಕಾಯುವಿಕೆಯಲ್ಲಿ ಮಗು ಕಳೆದುಕೊಳ್ಳುವುದೇನು? 1963ರಲ್ಲಿ ರಿಚರ್ಡ್ ಹೆಲ್ಡ್ ಮತ್ತು ಅಲನ್ ಹೈನ್ ಎಂಬ ವಿಜ್ಞಾನಿಗಳು ಎರಡು ಬೆಕ್ಕಿನ ಮರಿಗಳನ್ನು ಒಂದೇ ತಿರುಗಣೆಗೆ ಕಟ್ಟಿದರು. ಒಂದು ತಾನೇ ನಡೆಯುತ್ತಿತ್ತು. ಇನ್ನೊಂದು ಬುಟ್ಟಿಯಲ್ಲಿ ಕುಳಿತು ಅದರೊಂದಿಗೆ ಸುತ್ತುತ್ತಿತ್ತು. ಎರಡೂ ಕಂಡದ್ದು ಒಂದೇ ನೋಟ. ಆದರೆ ಬುಟ್ಟಿಯ ಮರಿಗೆ ಆಳವನ್ನು ಅಂದಾಜಿಸಲು ಬರಲಿಲ್ಲ. ಸ್ವತಂತ್ರವಾಗಿ ಓಡಾಡಲು ಬಿಟ್ಟ ಮೇಲೆ ಅದೂ ಕಲಿತುಕೊಂಡಿತು. ಮಗು ಬೆಕ್ಕಿನ ಮರಿಯಲ್ಲ, ನಿಜ. ಆದರೂ ತಾನಾಗಿ ಚಲಿಸುವುದಕ್ಕೂ ಬುದ್ಧಿಯ ಬೆಳವಣಿಗೆಗೂ ನಂಟಿದೆ ಎಂಬುದನ್ನು ಅನಂತರದ ಶಿಶು ಅಧ್ಯಯನಗಳೂ ತೋರಿಸಿವೆ.

ಅಮೆರಿಕದ ಡೆಲವೇರ್ ವಿಶ್ವವಿದ್ಯಾಲಯದಲ್ಲಿ ಫಿಸಿಯೋಥೆರಪಿ ಪ್ರಾಧ್ಯಾಪಕರಾಗಿದ್ದ ಕೋಲ್ ಗ್ಯಾಲೋವೇ ಮೊದಲು ಎಂಜಿನಿಯರ್ ಸುನಿಲ್ ಅಗರ್ವಾಲ್ ಜೊತೆಗೂಡಿ ಶಿಶುಗಳು ನಡೆಸಬಲ್ಲ ರೋಬಾಟ್ ಬಂಡಿಗಳನ್ನು ಪರೀಕ್ಷಿಸಿದರು. ಅವು ಬಡವರ ಮನೆಗೆ ತಲುಪುವಂತಿರಲಿಲ್ಲ. ಆದ್ದರಿಂದ 2012ರ ಹೊತ್ತಿಗೆ ಅಂಗಡಿಯ ಆಟಿಕೆ ಕಾರುಗಳತ್ತ ತಿರುಗಿದರು. 'ಗೋ ಬೇಬಿ ಗೋ' ಹೆಸರಿನ ಆ ಯೋಜನೆ ಬೇರೆ ದೇಶಗಳಿಗೂ ಹಬ್ಬಿದೆ.

ಕೆಲಸ ಬಲು ಸರಳ. ಬ್ಯಾಟರಿ ಕಾರಿನ ಪೆಡಲ್ ಒಳಗಿರುವುದು ಒಂದು ಮಾಮೂಲಿ ಸ್ವಿಚ್. ಅದರ ತಂತಿಗಳನ್ನು ಎಳೆದು, ಸ್ಟಿಯರಿಂಗ್ ಮೇಲೆ ಕೂರಿಸಿದ ಸುಮಾರು 5 ಇಂಚು ಅಗಲದ ಗುಂಡಿಗೆ ಜೋಡಿಸುತ್ತಾರೆ. ಅಂಗೈಯಿಂದಲೋ ಮೊಣಕೈಯಿಂದಲೋ ಒತ್ತಿದರೆ ಕಾರು ಚಲಿಸುತ್ತದೆ, ಬಿಟ್ಟರೆ ನಿಲ್ಲುತ್ತದೆ. ಬೆನ್ನು, ಪಕ್ಕೆಗಳಿಗೆ ಆಸರೆಯಾಗಿ ಪಿ.ವಿ.ಸಿ. ಪೈಪಿನ ಚೌಕಟ್ಟು, ಅದಕ್ಕೆ ಸ್ಪಂಜಿನ ಹೊದಿಕೆ, ಮಗುವನ್ನು ಹಿಡಿದಿಡಲು ವೆಲ್ಕ್ರೋ ಪಟ್ಟಿ. ಇನ್ನೊಂದು ಜಾಣ ಬಗೆಯಿದೆ: ಸ್ವಿಚ್ಚನ್ನು ಸೀಟಿನಲ್ಲಿ ತಿರುಗುಮುರುಗಾಗಿ ಅಳವಡಿಸಿದರೆ ಮಗು ಎದ್ದು ನಿಂತಾಗ ಮಾತ್ರ ಕಾರು ಓಡುತ್ತದೆ. ಕಾಲಿಗೆ ವ್ಯಾಯಾಮ, ಮಗುವಿಗೆ ಆಟ!

ನಮ್ಮ ಪೇಟೆಗಳಲ್ಲೂ ಬ್ಯಾಟರಿ ಕಾರುಗಳು ಸಿಗುತ್ತವೆ; ಹಲವಕ್ಕೆ ರಿಮೋಟ್ ಇರುತ್ತದೆ. ಅಪಾಯದಲ್ಲಿ ನಿಲ್ಲಿಸಲು ಅದು ಒಳ್ಳೆಯದು. ಆದರೆ ಅಪ್ಪನೇ ರಿಮೋಟಿನಿಂದ ಓಡಿಸಿದರೆ ಮಗು ಮತ್ತೆ ಬುಟ್ಟಿಯ ಮರಿಯೇ.

ಕೂರಿಸುವ ಭಂಗಿಯನ್ನು ಫಿಸಿಯೋಥೆರಪಿಸ್ಟ್ ನಿರ್ಧರಿಸಬೇಕು, ತಂತಿಯ ಕೆಲಸವನ್ನು ಬಲ್ಲ ಎಲೆಕ್ಟ್ರಿಷಿಯನ್ ಮಾಡಬೇಕು. ಬ್ಯಾಟರಿಯ ಫ್ಯೂಸ್ ತಪ್ಪಿಸಿ ಜೋಡಿಸುವುದು ಬೆಂಕಿಗೆ ಆಹ್ವಾನ. ವೇಗ ಕನಿಷ್ಠವಿರಲಿ, ಮೆಟ್ಟಿಲು, ಬಾವಿಕಟ್ಟೆ, ರಸ್ತೆಯಿಂದ ದೂರ, ಹಿರಿಯರೊಬ್ಬರು ಕೈಗೆಟಕುವಷ್ಟು ಹತ್ತಿರ. ಇದು ಗಾಲಿಕುರ್ಚಿಗೆ ಬದಲಿಯಲ್ಲ. ಈ ಕುರಿತ ಅಧ್ಯಯನಗಳೂ ಹೆಚ್ಚಿನವು ಕೆಲವೇ ಮಕ್ಕಳ ಮೇಲೆ ನಡೆದವು. 2020ರಲ್ಲಿ ಒಂದರಿಂದ ಮೂರು ವರ್ಷದ ಮಕ್ಕಳಿಗೆಂದೇ 'ಎಕ್ಸ್‌ಪ್ಲೋರರ್ ಮಿನಿ' ಎಂಬ ಪುಟ್ಟ ವಾಹನಕ್ಕೆ ಅಮೆರಿಕದಲ್ಲಿ ಅನುಮತಿ ದೊರೆತಿದೆ, ಆದರೆ ಅದರ ಬೆಲೆ ಆಟಿಕೆಯ ಬೆಲೆಯಲ್ಲ.

ಮಗು ಬೆಳೆದು ಕಾರು ಚಿಕ್ಕದಾದಾಗ ಎಸೆಯಬೇಕಾಗಿಲ್ಲ. ಚೌಕಟ್ಟು ಬಿಚ್ಚಿ, ಅಳತೆ ಬದಲಿಸಿ, ಇನ್ನೊಂದು ಮಗುವಿಗೆ ಹೊಂದಿಸಬಹುದು.